ಓಡಿದ್ದೇ ಅಪರಾಧವಾದರೆ ಅದಕ್ಕೆ ಮರಣವೇ ಶಿಕ್ಷೆಯೇ?

“ತಪ್ಪು ಮಾಡಿರದಿದ್ದರೆ ಅವನೇಕೆ ಓಡಬೇಕಿತ್ತು?” ಪೊಲೀಸರು ಬೆನ್ನಟ್ಟಿದ ಸಂದರ್ಭದಲ್ಲಿ ಯುವಕನೋರ್ವ ರಸ್ತೆಯಲ್ಲಿ ಪ್ರಾಣ ಕಳೆದುಕೊಂಡಾಗಲೆಲ್ಲ ನಮ್ಮ ಸಮಾಜ ಎತ್ತುವ ಮೊತ್ತಮೊದಲ ಪ್ರಶ್ನೆಯಿದು. ಮಯ್ಯಿತ್ ಮನೆಗೆ ತಲುಪುವ ಮೊದಲೇ ಈ ಪ್ರಶ್ನೆ ಆ ಮನೆಯ ಅಂಗಳವನ್ನು ತಲುಪಿರುತ್ತದೆ. ಪ್ರಶ್ನಿಸುವವರಿಗೆ ಉತ್ತರ ಬೇಕಾಗಿರುವುದಿಲ್ಲ. ಯಾಕೆಂದರೆ ಪ್ರಶ್ನೆಯೊಳಗೇ ತೀರ್ಪೂ ಇದೆ. ಓಡಿದವನು ಅಪರಾಧಿ, ಅಪರಾಧಿಯ ಸಾವಿಗೆ ಅವನೇ ಹೊಣೆ, ಆದ್ದರಿಂದ ಬೆನ್ನಟ್ಟಿದವರನ್ನು ಪ್ರಶ್ನಿಸುವಂತಿಲ್ಲ. ಈ ತರ್ಕ ಎಷ್ಟು ಸರಿ? ಹೆಲ್ಮೆಟ್ ಧರಿಸದವನನ್ನು, ಪರವಾನಿಗೆ ಇಲ್ಲದವನನ್ನು, ಸುಮ್ಮನೆ ಹೆದರಿದವನನ್ನು ಮರಣದ ಬಾಗಿಲವರೆಗೆ ಅಟ್ಟಿಕೊಂಡು ಹೋಗುವ ಅಧಿಕಾರವನ್ನು ಕಾನೂನು ಯಾರಿಗೆ ಕೊಟ್ಟಿದೆ? ನಾವು ಇದನ್ನು ಗಂಭೀರವಾಗಿ ಚರ್ಚಿಸಬೇಕಾದ ಅಗತ್ಯವಿದೆ.

ನಮ್ಮ ಮಗ್ಗುಲಲ್ಲೇ ನಡೆದ ಒಂದು ಘಟನೆಯನ್ನು ನೋಡೋಣ. ಕನ್ನಡಿಗರೂ ಬ್ಯಾರಿಗಳೂ ಮಲಯಾಳಿಗಳೂ ಬೆರೆತು ಬದುಕುತ್ತಿರುವ ಕಾಸರಗೋಡು ಜಿಲ್ಲೆಯ ಕುಂಬಳೆ ಪರಿಸರದಲ್ಲಿ, 2023ರ ಆಗಸ್ಟ್‌ನಲ್ಲಿ, ಶಾಲೆಯ ಓಣಂ ಆಚರಣೆಯ ದಿನ ವಿದ್ಯಾರ್ಥಿಗಳಿದ್ದ ಕಾರೊಂದು ಪಲ್ಟಿಯಾಯಿತು. ಪೊಲೀಸರು ಆ ಕಾರನ್ನು ಬೆನ್ನಟ್ಟಿದ್ದೇ ಇದಕ್ಕೆ ಕಾರಣವೆಂದು ಕುಟುಂಬ ಆರೋಪಿಸಿತು. ತೀವ್ರವಾಗಿ ಗಾಯಗೊಂಡಿದ್ದ 17 ವರ್ಷದ ಮುಸ್ಲಿಮ್ ವಿದ್ಯಾರ್ಥಿಯೋರ್ವ ಕೆಲವೇ ದಿನಗಳಲ್ಲಿ ಮಂಗಳೂರಿನ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ. ಜನರ ಆಕ್ರೋಶ ಸ್ಫೋಟಗೊಂಡಿತು. ಸಬ್ ಇನ್‌ಸ್ಪೆಕ್ಟರ್ ಸಹಿತ ಮೂವರು ಪೊಲೀಸರನ್ನು ಬೇರೆಡೆಗೆ ವರ್ಗಾಯಿಸಲಾಯಿತು. ಆ ಬಾಲಕನ ಮೇಲೆ ಕೊಲೆಯ ಆರೋಪವಿರಲಿಲ್ಲ, ದರೋಡೆಯ ಆರೋಪವಿರಲಿಲ್ಲ. ಸಹಪಾಠಿಗಳೊಂದಿಗೆ ಹಬ್ಬ ಆಚರಿಸಲು ಮನೆಯಿಂದ ಹೊರಟವನು ಕಫನ್ ಹೊದ್ದು ಮರಳಿದ. ಬೆನ್ನಟ್ಟಿದ್ದು ಹೌದೋ ಅಲ್ಲವೋ, ಹೌದಾದರೆ ಎಷ್ಟು ದೂರ, ಯಾವ ವೇಗದಲ್ಲಿ ಎಂಬುದು ವಿವಾದವಾಗಬಹುದು. ಆದರೆ ಈ ಸಾವಿನ ಮುಂದೆ ಒಂದು ಪ್ರಶ್ನೆಯಂತೂ ವಿವಾದಾತೀತ: ಶಾಲಾ ಮಕ್ಕಳ ಕಾರನ್ನು ಹಿಂಬಾಲಿಸಿ ತಡೆಯಲೇಬೇಕಾದ ಅನಿವಾರ್ಯತೆಯಾದರೂ ಏನಿತ್ತು? ಕಾರಿನ ನಂಬರ್ ಬರೆದುಕೊಂಡಿದ್ದರೆ, ಸಂಜೆ ಮನೆಯ ಬಾಗಿಲು ತಟ್ಟಿದ್ದರೆ, ಕಾನೂನಿಗೆ ಏನು ನಷ್ಟವಾಗುತ್ತಿತ್ತು?

ಹಾಗೆ ನೋಡಿದರೆ, ಕೇರಳದ ಪೊಲೀಸರಿಗೆ ಈ ಪಾಠವನ್ನು ಅಲ್ಲಿನ ಹೈಕೋರ್ಟ್ 2019ರ ನವೆಂಬರ್‌ನಲ್ಲೇ ಹೇಳಿಕೊಟ್ಟಿತ್ತು. ಹೆಲ್ಮೆಟ್ ಇಲ್ಲದೆ ಹೋಗುತ್ತಿದ್ದ ಯುವಕನನ್ನು ತಡೆಯಲು ಹೋದಾಗ ಬೈಕು ಪೊಲೀಸರಿಗೇ ಢಿಕ್ಕಿಯಾದ ಮಲಪ್ಪುರಂ ಜಿಲ್ಲೆಯ ಪ್ರಕರಣವೊಂದರಲ್ಲಿ ಜಾಮೀನು ಅರ್ಜಿಯ ವಿಚಾರಣೆ ನಡೆಸಿದ ನ್ಯಾಯಾಲಯವು, ಹೆಲ್ಮೆಟ್ ಧರಿಸದವರನ್ನು ಓಡಿಸಿಕೊಂಡು ಹೋಗಿ ಹಿಡಿಯಕೂಡದೆಂದೂ, ರಸ್ತೆಯ ನಡುವೆ ಹಠಾತ್ತಾಗಿ ಅಡ್ಡ ನಿಲ್ಲಬಾರದೆಂದೂ, ಕ್ಯಾಮರಾದಂತಹ ಆಧುನಿಕ ಸಾಧನಗಳನ್ನು ಬಳಸಿ ನಿಯಮೋಲ್ಲಂಘಕರನ್ನು ಗುರುತಿಸಬೇಕೆಂದೂ ಸ್ಪಷ್ಟಪಡಿಸಿತು. ಆದರೆ ಅದೇ ತಿಂಗಳು ಕೊಲ್ಲಂ ಜಿಲ್ಲೆಯ ಕಡಕ್ಕಲ್‌ನಲ್ಲಿ ಏನಾಯಿತು? ಬೈಕ್ ನಿಲ್ಲಿಸದ ಯುವಕನೆಡೆಗೆ ಪೊಲೀಸನೋರ್ವ ಲಾಠಿಯನ್ನೇ ಎಸೆದ. ನಿಯಂತ್ರಣ ತಪ್ಪಿದ ಬೈಕು ಎದುರಿನಿಂದ ಬರುತ್ತಿದ್ದ ಶಬರಿಮಲೆ ಯಾತ್ರಿಗಳ ಕಾರಿಗೆ ಅಪ್ಪಳಿಸಿತು. 19 ವರ್ಷದ ಆ ಯುವಕ ಗಂಭೀರವಾಗಿ ಗಾಯಗೊಂಡ. ಆ ಪೊಲೀಸನನ್ನು ಅಮಾನತುಗೊಳಿಸಲಾಯಿತು. ನ್ಯಾಯಾಲಯದ ಆದೇಶದ ಶಾಯಿ ಆರುವ ಮೊದಲೇ ಲಾಠಿ ಹಾರಿತ್ತು.

ಇದು ಕೇರಳಕ್ಕೆ ಸೀಮಿತವಾದ ವ್ಯಾಧಿಯಲ್ಲ. ತಮಿಳುನಾಡಿನ ತಿರುಚಿರಾಪಳ್ಳಿ ಬಳಿಯ ತುವಾಕುಡಿಯಲ್ಲಿ 2018ರ ಮಾರ್ಚ್ 7ರಂದು ಹೆಲ್ಮೆಟ್ ತಪಾಸಣೆಯ ವೇಳೆ ನಿಲ್ಲದೆ ಹೋದ ದಂಪತಿಯನ್ನು ಇನ್‌ಸ್ಪೆಕ್ಟರ್ ಓರ್ವರು ಬೈಕಿನಲ್ಲಿ ಬೆನ್ನಟ್ಟಿದರು, ಓಡುತ್ತಿದ್ದ ಬೈಕನ್ನು ಒದ್ದರು. ಹಿಂದೆ ಕುಳಿತಿದ್ದ ಮಹಿಳೆ ಕೆಳಗುರುಳಿ ಮೃತಪಟ್ಟರು. ಹೆಲ್ಮೆಟ್ ಧರಿಸದಿದ್ದುದು ಪತಿ, ಜೀವ ತೆತ್ತದ್ದು ಪತ್ನಿ. ನಮ್ಮದೇ ರಾಜ್ಯದ ಮಂಡ್ಯದಲ್ಲಿ 2025ರ ಮೇ 26ರಂದು ನಡೆದದ್ದಂತೂ ಕರುಳು ಹಿಂಡುವಂತಹದ್ದು. ನಾಯಿ ಕಚ್ಚಿದ್ದ ಪುಟ್ಟ ಮಗಳನ್ನು ಆಸ್ಪತ್ರೆಗೆ ಸಾಗಿಸುತ್ತಿದ್ದ ತಂದೆ-ತಾಯಿಯ ಬೈಕನ್ನು ಹೆಲ್ಮೆಟ್ ತಪಾಸಣೆಗೆಂದು ಸಂಚಾರಿ ಪೊಲೀಸರು ತಡೆದರು. ಬೈಕು ಉರುಳಿ, ಮಗು ಹಿಂದಿನಿಂದ ಬಂದ ವಾಹನಕ್ಕೆ ಬಲಿಯಾಯಿತು. ಮೂವರು ಎಎಸ್ಸೈಗಳ ಅಮಾನತಾಯಿತು. ಇಲ್ಲಿ ಬೆನ್ನಟ್ಟುವಿಕೆ ಇರಲಿಲ್ಲ, ನಿಜ. ಆದರೆ ಮನೋಭಾವ ಅದೇ. ಒಂದು ದಂಡದ ರಶೀದಿಯು ಒಂದು ಜೀವಕ್ಕಿಂತ ತುರ್ತಿನದ್ದೆಂದು ಭಾವಿಸುವ ಮನೋಭಾವ.

ಆ ದಂಡವಾದರೂ ಎಷ್ಟು? ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಹೆಲ್ಮೆಟ್ ಧರಿಸದಿದ್ದರೆ 194ಡಿ ಸೆಕ್ಷನ್‌ನಡಿ 1,000 ರೂಪಾಯಿ ದಂಡ, ಮೂರು ತಿಂಗಳ ಪರವಾನಿಗೆ ಅನರ್ಹತೆ. ಸಂಸತ್ತು ಈ ಅಪರಾಧವನ್ನು ತೂಗಿ ನಿಗದಿಪಡಿಸಿದ ಬೆಲೆಯಿದು. ಇನ್ನು, ಬಂಧನಕ್ಕೆ ಸಂಬಂಧಿಸಿದ ಕಾನೂನನ್ನು ನೋಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಸೆಕ್ಷನ್, ಬಂಧನವನ್ನು ಪ್ರತಿರೋಧಿಸುವವನ ವಿರುದ್ಧ ಅಗತ್ಯ ಕ್ರಮ ಕೈಗೊಳ್ಳಲು ಪೊಲೀಸರಿಗೆ ಅಧಿಕಾರ ನೀಡುತ್ತದೆ. ಆದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಅರ್ಹವಾದ ಅಪರಾಧದ ಆರೋಪ ಇಲ್ಲದವನ ಸಾವಿಗೆ ಕಾರಣವಾಗುವ ಹಕ್ಕನ್ನು ಅದು ಕೊಡುವುದಿಲ್ಲ. ಪಲಾಯನವನ್ನು ತಡೆಯಲು ಎಷ್ಟು ಬೇಕೋ ಅದಕ್ಕಿಂತ ಹೆಚ್ಚಿನ ನಿರ್ಬಂಧವನ್ನು ಹೇರಬಾರದೆಂದು 46ನೇ ಸೆಕ್ಷನ್ ಎಚ್ಚರಿಸುತ್ತದೆ. ಇವು ಹೊಸ ವಿಷಯಗಳೂ ಅಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 46 ಮತ್ತು 49ನೇ ಸೆಕ್ಷನ್‌ಗಳಲ್ಲಿಯೂ ಇದೇ ಇತ್ತು. ಹೀಗಿರುವಾಗ, 1,000 ರೂಪಾಯಿಯ ಅಪರಾಧವನ್ನು ಪ್ರಾಣದ ಬೆಲೆಗೆ ವಸೂಲು ಮಾಡುವುದನ್ನು ಕಾನೂನು ಪಾಲನೆ ಎನ್ನಬೇಕೇ, ಕಾನೂನಿನ ಉಲ್ಲಂಘನೆ ಎನ್ನಬೇಕೇ?

“ಪೊಲೀಸರು ಕೊಂದಿಲ್ಲವಲ್ಲ, ಬರೇ ಹಿಂಬಾಲಿಸಿದ್ದಾರೆ” ಎಂದು ವಾದಿಸುವವರಿದ್ದಾರೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡುವ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಕ್ರಮಿಸುತ್ತದೆ. ಚಾಲಕ ಒಮ್ಮೆ ತಿರುಗಿ ನೋಡುವಷ್ಟರಲ್ಲಿ ಒಂದು ಶಾಲೆಯ ಗೇಟು ದಾಟಿ ಹೋಗಿರುತ್ತದೆ. ನಮ್ಮ ಊರುಗಳ ರಸ್ತೆಗಳು ಹೇಗಿವೆ ಎಂಬುದು ಎಲ್ಲರಿಗೂ ಗೊತ್ತು. ತಿರುವು, ಹೊಂಡ, ಕಾಲುದಾರಿಯಿಲ್ಲದ ಅಂಚು, ಮದ್ರಸದಿಂದ ಮರಳುವ ಮಕ್ಕಳು, ರಸ್ತೆಗೆ ತಾಗಿಯೇ ಇರುವ ಅಂಗಡಿಗಳು. ಇಂತಹ ರಸ್ತೆಯಲ್ಲಿ ಹೆದರಿದ ಹದಿಹರೆಯದವನ ಬೆನ್ನ ಹಿಂದೆ ಸೈರನ್ ಮೊಳಗಿಸಿಕೊಂಡು ಹೋದರೆ ಏನಾಗಬಹುದೆಂಬುದನ್ನು ಊಹಿಸಲು ತರಬೇತಿ ಬೇಕಿಲ್ಲ. ತರಬೇತಿ ಪಡೆದವರಿಗಂತೂ ಅದು ಚೆನ್ನಾಗಿ ಗೊತ್ತಿರಬೇಕು. ಅಪಾಯವನ್ನು ಅರಿತೂ ಅದರೆಡೆಗೆ ಇನ್ನೊಬ್ಬನನ್ನು ತಳ್ಳುವುದು ಅಮಾಯಕ ಕೃತ್ಯವಲ್ಲ. ಮಾತ್ರವಲ್ಲ, ಆ ಅಪಾಯದ ಪಾಲು ಓಡುವವನಿಗೆ ಮಾತ್ರ ಹಂಚಿಕೆಯಾಗುವುದೂ ಇಲ್ಲ. ರಸ್ತೆ ದಾಟುತ್ತಿರುವ ವೃದ್ಧೆಗೂ, ಎದುರಿನಿಂದ ಬರುವ ರಿಕ್ಷಾದವನಿಗೂ, ಸ್ವತಃ ಜೀಪು ಚಲಾಯಿಸುವ ಪೊಲೀಸನಿಗೂ ಅದರಲ್ಲಿ ಪಾಲಿದೆ. ಅವರಿಗೂ ಮನೆಯಲ್ಲಿ ಮಕ್ಕಳು ಕಾಯುತ್ತಿರುತ್ತಾರೆ.

ಈ ವಿಷಯದಲ್ಲಿ ಜಗತ್ತಿನ ಅನುಭವ ನಮ್ಮ ಮುಂದಿದೆ. ಕಾರು ಬೆನ್ನಟ್ಟುವ ದೃಶ್ಯವನ್ನು ಟಿವಿಯ ಮನರಂಜನೆಯಾಗಿಸಿದ ದೇಶ ಅಮೆರಿಕ. 2017ರಿಂದ 2022ರ ನಡುವೆ ಪೊಲೀಸ್ ಬೆನ್ನಟ್ಟುವಿಕೆಗಳಿಗೆ ಸಂಬಂಧಿಸಿ ಅಲ್ಲಿ 3,300ಕ್ಕೂ ಹೆಚ್ಚು ಮಂದಿ ಸತ್ತಿದ್ದಾರೆಂದು ‘ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್’ ಪತ್ರಿಕೆಯು 2024ರಲ್ಲಿ ಲೆಕ್ಕ ಹಾಕಿ ಹೇಳಿತು. ಹಾಗೆ ಸತ್ತವರಲ್ಲಿ ಓಡಿದ ಚಾಲಕರು ಮಾತ್ರವಲ್ಲ, ಜೊತೆಗಿದ್ದ ಪ್ರಯಾಣಿಕರೂ ದಾರಿಹೋಕರೂ ಇದ್ದರು. ಆ ದೇಶದ ಪೊಲೀಸ್ ಮುಖ್ಯಸ್ಥರೇ ಸದಸ್ಯರಾಗಿರುವ ಸಂಶೋಧನಾ ವೇದಿಕೆಯೊಂದು 2023ರಲ್ಲಿ ಹೊರತಂದ ಮಾರ್ಗಸೂಚಿಯು, ಹಿಂಸಾತ್ಮಕ ಅಪರಾಧ ನಡೆದಿದ್ದು ಆರೋಪಿಯಿಂದ ತಕ್ಷಣದ ಅಪಾಯವಿದ್ದರೆ ಮಾತ್ರ ಬೆನ್ನಟ್ಟಬೇಕು ಎಂದಿತು. ಇದನ್ನು ಹೇಳಿದ್ದು ಮಾನವ ಹಕ್ಕು ಹೋರಾಟಗಾರರಲ್ಲ, ಪೊಲೀಸರು. ಹಾಗಿದ್ದರೆ ನಮ್ಮಲ್ಲಿ? 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಮೃತಪಟ್ಟರೆಂದು ಕೇಂದ್ರ ಸಾರಿಗೆ ಸಚಿವಾಲಯ ಹೇಳುತ್ತದೆ. ಅತಿವೇಗಕ್ಕೆ ಒಂದು ಕಾಲಂ ಇದೆ, ಮದ್ಯಪಾನಕ್ಕೆ ಒಂದು ಕಾಲಂ ಇದೆ, ಮೊಬೈಲ್ ಬಳಕೆಗೂ ಒಂದಿದೆ. ಪೊಲೀಸರು ಬೆನ್ನಟ್ಟಿದಾಗ ಸತ್ತವರಿಗೆ ಮಾತ್ರ ಕಾಲಂ ಇಲ್ಲ. ಕುಂಬಳೆಯ ಬಾಲಕನಂತಹವರು ಆ ಮಹಾ ಸಂಖ್ಯೆಯೊಳಗೆ ಬರೇ ಅಪಘಾತವಾಗಿ ಕರಗಿ ಹೋಗುತ್ತಾರೆ.

ಈಗ ಮತ್ತೆ ಆ ಮೊದಲ ಪ್ರಶ್ನೆಗೆ ಬರೋಣ: ಅವನೇಕೆ ಓಡಿದ?

2005ರ ಅಕ್ಟೋಬರ್ 27ರಂದು ಪ್ಯಾರಿಸ್ ಹೊರವಲಯದ ಕ್ಲಿಶಿ-ಸು-ಬುವಾ ಎಂಬಲ್ಲಿ ಫುಟ್ಬಾಲ್ ಆಡಿ ಮರಳುತ್ತಿದ್ದ ವಲಸಿಗ ಕುಟುಂಬಗಳ ಹುಡುಗರು ಪೊಲೀಸರನ್ನು ಕಂಡು ಓಡಿದರು. ಅವರಲ್ಲಿ ಮೂವರು ವಿದ್ಯುತ್ ಉಪಕೇಂದ್ರವೊಂದರಲ್ಲಿ ಅಡಗಿದರು. 17 ಮತ್ತು 15ರ ಹರೆಯದ ಇಬ್ಬರು ಅಲ್ಲಿಯೇ ಸುಟ್ಟು ಸತ್ತರು. ಮೂರನೆಯವನು ತೀವ್ರ ಸುಟ್ಟ ಗಾಯಗಳೊಂದಿಗೆ ಬದುಕಿದ. ಅವರು ಯಾವ ಅಪರಾಧವನ್ನೂ ಮಾಡಿರಲಿಲ್ಲ. ಆದರೂ ಯಾಕೆ ಓಡಿದರು? ಗುರುತು ಚೀಟಿ ಕೇಳುತ್ತಾರೆ, ಠಾಣೆಯಲ್ಲಿ ಗಂಟೆಗಟ್ಟಲೆ ಕೂರಿಸುತ್ತಾರೆ ಎಂಬ ಭಯ ಅಲ್ಲಿನ ಹುಡುಗರಿಗೆ ದಿನನಿತ್ಯದ್ದಾಗಿತ್ತು. ಆ ಸಾವುಗಳ ನಂತರ ಫ್ರಾನ್ಸ್ ಮೂರು ವಾರ ಹೊತ್ತಿ ಉರಿಯಿತು, ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಹತ್ತು ವರ್ಷಗಳ ಬಳಿಕ, 2015ರ ಮೇಯಲ್ಲಿ, ವಿಚಾರಣೆ ಎದುರಿಸಿದ ಇಬ್ಬರು ಪೊಲೀಸರನ್ನೂ ನ್ಯಾಯಾಲಯ ಖುಲಾಸೆಗೊಳಿಸಿತು. 2023ರ ಮೇಯಲ್ಲಿ ಬ್ರಿಟನ್ನಿನ ಕಾರ್ಡಿಫ್ ನಗರದಲ್ಲಿ ಎಲೆಕ್ಟ್ರಿಕ್ ಬೈಕಿನಲ್ಲಿದ್ದ ಇಬ್ಬರು ಹುಡುಗರು ಸತ್ತಾಗಲೂ ಪೊಲೀಸರು ಬೆನ್ನಟ್ಟಿದ್ದನ್ನು ಮೊದಲು ಅಲ್ಲಗಳೆಯಲಾಯಿತು. ಅವರ ಹಿಂದೆಯೇ ಪೊಲೀಸ್ ವ್ಯಾನ್ ಸಾಗುತ್ತಿದ್ದ ದೃಶ್ಯ ಸಿಸಿ ಕ್ಯಾಮರಾದಲ್ಲಿ ಸಿಕ್ಕಿದ ಮೇಲೆ ವಿಷಯ ಬದಲಾಯಿತು. ಆ ಹುಡುಗರು ಮುಸ್ಲಿಮರಾಗಿರಲಿಲ್ಲ. ಬಡ ಬಡಾವಣೆಯವರಾಗಿದ್ದರು. ಬೆನ್ನಟ್ಟುವ ವಾಹನ ಯಾವತ್ತೂ ಯಾರ ಕೇರಿಗೆ ನುಗ್ಗುತ್ತದೆ ಎಂಬುದಕ್ಕೆ ಇದೂ ಒಂದು ಸಾಕ್ಷಿ.

ನಮ್ಮ ದೇಶದ ಹುಡುಗರಿಗೆ ಹೆದರಲು ಕಾರಣವಿಲ್ಲವೇ? ‘ಕಾಮನ್ ಕಾಸ್’ ಸಂಸ್ಥೆ ಮತ್ತು ಸಿಎಸ್‌ಡಿಎಸ್ ಸೇರಿ 2019ರಲ್ಲಿ ಪ್ರಕಟಿಸಿದ ಪೊಲೀಸ್ ವ್ಯವಸ್ಥೆಯ ಸ್ಥಿತಿಗತಿ ವರದಿಗಾಗಿ 21 ರಾಜ್ಯಗಳ ಸುಮಾರು 12 ಸಾವಿರ ಪೊಲೀಸರನ್ನು ಮಾತಾಡಿಸಲಾಗಿತ್ತು. ಮುಸ್ಲಿಮರು ಸಹಜವಾಗಿಯೇ ಅಪರಾಧದ ಕಡೆಗೆ ವಾಲುವವರೆಂದು ಹೆಚ್ಚೋ ಕಡಿಮೆಯೋ ನಂಬುವುದಾಗಿ ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಹೇಳಿದರು. ಇದು ನಮ್ಮ ಆರೋಪವಲ್ಲ, ಪೊಲೀಸರದ್ದೇ ಮಾತು. ಇಂತಹ ಕಣ್ಣುಗಳ ಮುಂದೆ ಬೈಕ್ ನಿಲ್ಲಿಸಿ ಹೆಸರು ಹೇಳಬೇಕಾದ ಹದಿನೇಳರ ಹುಡುಗನ ಎದೆ ಡವಗುಟ್ಟುವುದು ಅಪರಾಧ ಪ್ರಜ್ಞೆಯಿಂದಲೇ ಎಂದು ಹೇಳಲಾದೀತೇ? ಭಯ ಹುಟ್ಟಿಸಿದವರೇ ಭಯವನ್ನು ಅಪರಾಧದ ಪುರಾವೆಯಾಗಿ ಮುಂದಿಟ್ಟರೆ ಆ ಹುಡುಗ ಯಾರ ಬಳಿ ನ್ಯಾಯ ಕೇಳಬೇಕು?

ಈ ಬೆನ್ನಟ್ಟುವ ಸಂಸ್ಕೃತಿಗೆ ಇನ್ನೊಂದು ಮುಖವೂ ಇದೆ. ಸಮವಸ್ತ್ರ ಧರಿಸದವರೂ ಈಗ ಹೆದ್ದಾರಿಯಲ್ಲಿ ಬೆನ್ನಟ್ಟುತ್ತಿದ್ದಾರೆ. 2024ರ ಜೂನ್‌ನಲ್ಲಿ ಛತ್ತೀಸ್‌ಗಢದ ಆರಂಗ್ ಬಳಿ ಎಮ್ಮೆಗಳನ್ನು ಸಾಗಿಸುತ್ತಿದ್ದ ಲಾರಿಯನ್ನು ಗುಂಪೊಂದು ಸುಮಾರು 53 ಕಿಲೋಮೀಟರ್ ಬೆನ್ನಟ್ಟಿತೆಂದು ಪೊಲೀಸರ ಆರೋಪ ಪಟ್ಟಿಯೇ ಹೇಳುತ್ತದೆ. ಲಾರಿಯಲ್ಲಿದ್ದ ಉತ್ತರ ಪ್ರದೇಶದ ಮೂವರು ಮುಸ್ಲಿಮರ ಬದುಕು ಮಹಾನದಿಯ ಸೇತುವೆಯ ಕೆಳಗೆ ಕೊನೆಗೊಂಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಹರ್ಯಾಣದ ಫರೀದಾಬಾದ್‌ನಿಂದ ಹೊರಟ ಕಾರೊಂದನ್ನು ದನ ಸಾಗಾಟಗಾರರದ್ದೆಂದು ಶಂಕಿಸಿ ಹತ್ತಾರು ಕಿಲೋಮೀಟರ್ ಬೆನ್ನಟ್ಟಿ ಗುಂಡು ಹಾರಿಸಲಾಯಿತು. ಸತ್ತವನು 19 ವರ್ಷದ ಹಿಂದೂ ವಿದ್ಯಾರ್ಥಿ. ಸಂಶಯದ ಮೇಲೆ ಬೆನ್ನಟ್ಟುವುದನ್ನು ಒಂದು ಸಮಾಜ ಒಪ್ಪಿಕೊಂಡರೆ ಆ ಗುಂಡು ಮುಂದೆ ಯಾರ ಮಗನನ್ನು ಹುಡುಕಿಕೊಂಡು ಹೋಗುತ್ತದೆಂದು ಯಾರಿಗೂ ಹೇಳಲಾಗದು. ಪ್ರಭುತ್ವವು ತನ್ನ ಪೊಲೀಸರಿಗೆ ಸಂಯಮ ಕಲಿಸದೇ ಹೋದರೆ ಬೀದಿಯ ಗುಂಪುಗಳಿಗೆ ಕಲಿಸುವ ನೈತಿಕ ಬಲವನ್ನು ಅದು ಎಲ್ಲಿಂದ ತಂದೀತು?

ಬೆನ್ನಟ್ಟಲೇಬಾರದೆಂಬುದು ನಮ್ಮ ವಾದವಲ್ಲ. ಮಗುವನ್ನು ಅಪಹರಿಸಿ ಒಯ್ಯುತ್ತಿರುವ ವಾಹನವನ್ನು, ಆಯುಧ ಹಿಡಿದು ಕೊಲೆಗೈದು ಓಡುತ್ತಿರುವವನನ್ನು ಪೊಲೀಸರು ಬೆನ್ನಟ್ಟಲೇಬೇಕು. ಅಲ್ಲಿ ಬೆನ್ನಟ್ಟದಿರುವುದೇ ಕರ್ತವ್ಯ ಲೋಪ. ಯಾಕೆಂದರೆ ಅಲ್ಲಿ ಬೆನ್ನಟ್ಟುವುದು ಜೀವವನ್ನು ಉಳಿಸುವುದಕ್ಕಾಗಿ. ಉಳಿದೆಡೆ ಅಂತಹ ಅನಿವಾರ್ಯತೆ ಏನಿದೆ? ವಾಹನಕ್ಕೆ ನಂಬರ್ ಪ್ಲೇಟ್ ಇದೆ, ನಂಬರಿಗೆ ವಿಳಾಸವಿದೆ, ರಸ್ತೆಗೆ ಕ್ಯಾಮರಾ ಇದೆ, ಮುಂದಿನ ಠಾಣೆಗೆ ವೈರ್‌ಲೆಸ್ ಇದೆ. ಇಲೆಕ್ಟ್ರಾನಿಕ್ ಸಾಧನಗಳ ಮೂಲಕ ಸಂಚಾರ ನಿಯಮ ಜಾರಿಗೊಳಿಸಲು ಮೋಟಾರು ವಾಹನ ಕಾಯ್ದೆಯೇ 136ಎ ಸೆಕ್ಷನ್‌ನಲ್ಲಿ ದಾರಿ ಮಾಡಿಕೊಟ್ಟಿದೆ. ಮಂಡ್ಯದ ದುರಂತದ ಬಳಿಕ ನಮ್ಮ ರಾಜ್ಯದ ಪೊಲೀಸ್ ಮಹಾನಿರ್ದೇಶಕರೂ ಸೂಚನೆ ಹೊರಡಿಸಿದರು. ವಾಹನಗಳನ್ನು ಹಠಾತ್ತಾಗಿ ತಡೆಯಬೇಡಿ, ಕೀಲಿ ಕಿತ್ತುಕೊಳ್ಳಬೇಡಿ, ವೇಗವಾಗಿ ಹೋದವರನ್ನು ಬೆನ್ನಟ್ಟದೆ ನಂಬರ್ ಗುರುತಿಸಿ ಮಾಹಿತಿ ನೀಡಿ ಎಂಬುದು ಅದರ ಸಾರ. ಸೂಚನೆ ಒಳ್ಳೆಯದೇ. ಆದರೆ ಸೂಚನೆಯನ್ನು ಮುರಿದವನಿಗೆ ಏನಾಗುತ್ತದೆ? ವರ್ಗಾವಣೆ, ಅಮಾನತು, ಆರು ತಿಂಗಳಲ್ಲಿ ಇನ್ನೊಂದು ಠಾಣೆ. ಹೆಲ್ಮೆಟ್ ಮರೆತವನಿಗಿರುವಷ್ಟೂ ಕಟ್ಟುನಿಟ್ಟು ಸೂಚನೆ ಮರೆತವನಿಗೆ ಇಲ್ಲದಿದ್ದರೆ ಅದು ಯಾವ ನ್ಯಾಯ?

ಇಸ್ಲಾಮ್ ಈ ವಿಷಯದಲ್ಲಿ ನೀಡಿರುವ ಮಾರ್ಗದರ್ಶನವನ್ನು ನಾವು ಮುಸ್ಲಿಮರೇ ಮರೆತಿದ್ದೇವೆ. ನಿರಪರಾಧಿ ಜೀವವೊಂದರ ಹತ್ಯೆಯನ್ನು ಇಡೀ ಮನುಕುಲದ ಹತ್ಯೆಗೆ ಸಮಾನವೆಂದು ಪವಿತ್ರ ಕುರ್‌ಆನ್ ಪರಿಗಣಿಸುತ್ತದೆ. ಹಿಜರಿ 36ರ ಜಮಲ್ ಯುದ್ಧದಲ್ಲಿ ಖಲೀಫಾ ಅಲಿ(ರ)ರವರು ತಮ್ಮ ಸೈನಿಕರಿಗೆ ನೀಡಿದ ಆಜ್ಞೆಯನ್ನು ಇತಿಹಾಸ ದಾಖಲಿಸಿದೆ. ಪಲಾಯನಗೈಯುವವನನ್ನು ಬೆನ್ನಟ್ಟಬಾರದು, ಗಾಯಗೊಂಡವನನ್ನು ಕೊಲ್ಲಬಾರದು. ತಮ್ಮ ವಿರುದ್ಧ ಖಡ್ಗ ಎತ್ತಿದವರ ಬಗ್ಗೆ, ರಣರಂಗದ ನಡುವೆ ನೀಡಿದ ಆಜ್ಞೆಯದು. ಯುದ್ಧಭೂಮಿಯಿಂದ ಓಡುವ ಶತ್ರುವಿಗೆ ಸಿಕ್ಕಿದ ರಿಯಾಯಿತಿ, ಪ್ರಜಾಪ್ರಭುತ್ವದಲ್ಲಿ ಹೆಲ್ಮೆಟ್ ಇಲ್ಲದೆ ಓಡಿದ ವಿದ್ಯಾರ್ಥಿಗೆ ಸಿಗಬೇಡವೇ? ಒಂದು ಹಾನಿಯನ್ನು ಅಷ್ಟೇ ಅಥವಾ ಅದಕ್ಕಿಂತ ದೊಡ್ಡ ಹಾನಿಯಿಂದ ನಿವಾರಿಸಕೂಡದೆಂಬುದು ಇಸ್ಲಾಮೀ ಕರ್ಮಶಾಸ್ತ್ರದ ಮೂಲ ಸೂತ್ರಗಳಲ್ಲೊಂದು. ಯಾವ ಧರ್ಮದವರೂ ಯಾವ ನ್ಯಾಯಾಧೀಶರೂ ಒಪ್ಪಬಹುದಾದ ಸೂತ್ರವಿದು.

ಇಷ್ಟನ್ನೂ ಹೇಳಿದ ಮೇಲೆ ನಮ್ಮ ಮನೆಗಳತ್ತ ತಿರುಗಿ ನೋಡದಿದ್ದರೆ ಈ ಮಾತುಗಳಿಗೆ ತೂಕವಿರುವುದಿಲ್ಲ. ಗಲ್ಫ್‌ನಿಂದ ತಂದೆ ಕಳುಹಿಸಿದ ಹಣದಲ್ಲಿ ಹದಿನಾರರ ಮಗನಿಗೆ ಬೈಕ್ ಕೊಡಿಸುವ ತಾಯಂದಿರು ನಮ್ಮಲ್ಲಿಲ್ಲವೇ? ಶಬೇ ಬರಾಅತ್‌ನ ರಾತ್ರಿ, ರಮಝಾನ್‌ನ ತರಾವೀಹ್ ಮುಗಿದ ಬಳಿಕ, ಪೇಟೆಯ ರಸ್ತೆಗಳಲ್ಲಿ ಸೈಲೆನ್ಸರ್ ಕಿತ್ತ ಬೈಕ್‌ಗಳು ಒಂದೇ ಚಕ್ರದಲ್ಲಿ ಓಡುವುದು ಯಾರಿಗೆ ಗೊತ್ತಿಲ್ಲ? ಪರವಾನಿಗೆ ಪಡೆಯುವ ವಯಸ್ಸಾಗದ ಮಗನ ಕೈಗೆ ಕೀಲಿ ಕೊಡುವ ಹೆತ್ತವರಿಗೆ 199ಎ ಸೆಕ್ಷನ್‌ನಡಿ 25 ಸಾವಿರ ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸಜೆಯಿದೆ. ಆದರೆ ದಂಡದ ಭಯಕ್ಕಿಂತ ದೊಡ್ಡ ಕಾರಣವೊಂದಿದೆ. ಪರವಾನಿಗೆ ಇಲ್ಲದ ಹುಡುಗ ಪೊಲೀಸರನ್ನು ಕಂಡಾಗ ಓಡಿಯೇ ಓಡುತ್ತಾನೆ. ಅವನ ಕೈಗೆ ಕೀಲಿ ಕೊಟ್ಟವರು ಆ ಓಟದಲ್ಲಿ ಪಾಲುದಾರರು. ವಿದಾಯದ ಹಜ್ಜ್‌ನಲ್ಲಿ ಅರಫಾದಿಂದ ಹೊರಟಾಗ ಹಿಂದಿನಿಂದ ಒಂಟೆಗಳನ್ನು ಹೊಡೆದು ಓಡಿಸುವ ಗದ್ದಲ ಕೇಳಿದ ಪ್ರವಾದಿ(ಸ)ರು, ಶಾಂತರಾಗಿ ಸಾಗುವಂತೆ ಜನರಿಗೆ ಸೂಚಿಸಿದರು, ಪುಣ್ಯವು ವೇಗದಲ್ಲಿಲ್ಲವೆಂದು ಕಲಿಸಿದರು. ಹಜ್ಜ್‌ನ ದಾರಿಯಲ್ಲೇ ವೇಗಕ್ಕೆ ಪುಣ್ಯವಿಲ್ಲದಿದ್ದರೆ ಬೀಚ್ ರಸ್ತೆಯ ವೇಗಕ್ಕೆ ಎಲ್ಲಿಂದ ಬರಬೇಕು?

ಹಾಗಂತ, ಈ ಆತ್ಮಾವಲೋಕನವು ಪೊಲೀಸರಿಗೆ ನೀಡುವ ಕ್ಷಮಾಪತ್ರವಲ್ಲ. ಮಗನ ತಪ್ಪು ಮಗನದ್ದು, ಹೆತ್ತವರ ತಪ್ಪು ಹೆತ್ತವರದ್ದು. ಆದರೆ ಅಧಿಕಾರ, ತರಬೇತಿ, ವೈರ್‌ಲೆಸ್ ಎಲ್ಲವೂ ಇರುವುದು ಬೆನ್ನಟ್ಟುವವರ ಕೈಯಲ್ಲಿ. ಯಾವ ಕ್ಷಣದಲ್ಲೂ ಬ್ರೇಕ್ ಒತ್ತಿ ಈ ಓಟವನ್ನು ನಿಲ್ಲಿಸಬಲ್ಲ ಸ್ವಸ್ಥ ಮನಸ್ಸಿನ ವಯಸ್ಕರು ಅಲ್ಲಿ ಇರುವುದು ಜೀಪಿನಲ್ಲಿ ಮಾತ್ರ. ಹೆಚ್ಚು ಬಲ ಯಾರಲ್ಲಿದೆಯೋ ಹೆಚ್ಚು ಹೊಣೆಯೂ ಅವರದ್ದೇ.

ಆದ್ದರಿಂದ ನಾವು ಸರಕಾರದ ಮುಂದೆ ಕೆಲವು ಬೇಡಿಕೆಗಳನ್ನು ಇಡಬೇಕಾಗಿದೆ. ಜೀವಕ್ಕೆ ಅಪಾಯವಿರುವ ಗಂಭೀರ ಅಪರಾಧಗಳಲ್ಲಿ ಮಾತ್ರ ಬೆನ್ನಟ್ಟಬಹುದೆಂಬ ನಿಯಮವು ಸೂಚನೆಯಾಗಿ ಉಳಿಯದೆ, ಮುರಿದರೆ ಶಿಕ್ಷೆಯಿರುವ ನಿಯಮವಾಗಬೇಕು. ಬೆನ್ನಟ್ಟುವ ಮುನ್ನ ನಿಯಂತ್ರಣ ಕೊಠಡಿಯಲ್ಲಿರುವ ಹಿರಿಯ ಅಧಿಕಾರಿಯ ಅನುಮತಿ ಬೇಕು, ನಿಲ್ಲಿಸುವಂತೆ ಆದೇಶಿಸುವ ಅಧಿಕಾರವೂ ಅವರಿಗಿರಬೇಕು. ಕಸ್ಟಡಿ ಸಾವು ಸಂಭವಿಸಿದರೆ ಮ್ಯಾಜಿಸ್ಟ್ರೇಟರ ವಿಚಾರಣೆ ಕಡ್ಡಾಯ. ಬೆನ್ನಟ್ಟುವಾಗ ಸಂಭವಿಸುವ ಸಾವಿಗೂ ಅದೇ ಕಟ್ಟಳೆಯನ್ನು ವಿಸ್ತರಿಸಬೇಕು. ಯಾಕೆಂದರೆ ಠಾಣೆಯ ಕೋಣೆಯಲ್ಲಿ ಸತ್ತವನೂ ಠಾಣೆಯ ಜೀಪಿನ ಮುಂದೆ ಸತ್ತವನೂ ಪ್ರಭುತ್ವದ ಹಿಡಿತದಲ್ಲೇ ಸತ್ತವರು. ಬೆನ್ನಟ್ಟಿದ ಠಾಣೆಯವರೇ ತನಿಖೆ ನಡೆಸಬಾರದು. ಇಂತಹ ಸಾವುಗಳನ್ನು ಪ್ರತಿವರ್ಷ ಪ್ರತ್ಯೇಕವಾಗಿ ಲೆಕ್ಕವಿಟ್ಟು ಪ್ರಕಟಿಸಬೇಕು.

ನಮ್ಮ ಜಮಾಅತ್ ಕಮಿಟಿಗಳಿಗೂ ಇಲ್ಲಿ ಕೆಲಸವಿದೆ. ಒಂದು ಶುಕ್ರವಾರದ ಖುತ್ಬಾ ಈ ವಿಷಯಕ್ಕೆ ಮೀಸಲಾಗಲಿ. ಪರವಾನಿಗೆಯಿಲ್ಲದ ಮಗನ ಕೈಯಿಂದ ಕೀಲಿಯನ್ನು ಇಂದೇ ಹಿಂದಕ್ಕೆ ಪಡೆಯಿರೆಂದು ಮಸೀದಿಯಲ್ಲಿ ಹೇಳೋಣ. ಪೊಲೀಸರು ಕೈ ತೋರಿಸಿದರೆ ನಿಲ್ಲಿ, ಓಡಬೇಡಿ, ಅನ್ಯಾಯವಾದರೆ ನಾವೆಲ್ಲರೂ ನಿಮ್ಮೊಂದಿಗೆ ಠಾಣೆಗೆ ಬರುತ್ತೇವೆಂದು ಯುವಕರಿಗೆ ಭರವಸೆ ಕೊಡೋಣ. ಅದೇ ವಾರ, ಜಿಲ್ಲಾ ಪೊಲೀಸ್ ಅಧೀಕ್ಷಕರನ್ನು ಕಂಡು, ಬೆನ್ನಟ್ಟಬಾರದೆಂಬ ಸೂಚನೆ ಪ್ರತಿ ಠಾಣೆಯಲ್ಲೂ ಪಾಲನೆಯಾಗುತ್ತಿದೆಯೇ ಎಂದು ಲಿಖಿತವಾಗಿ ಕೇಳೋಣ. ಹಿಂದೂ, ಕ್ರೈಸ್ತ ನೆರೆಯವರನ್ನೂ ಜೊತೆಗೆ ಕರೆದುಕೊಂಡು ಹೋಗೋಣ. ಮಂಡ್ಯದ ಮಗುವೂ ತಿರುಚಿಯ ಆ ಮಹಿಳೆಯೂ ನಮ್ಮ ಧರ್ಮದವರಾಗಿರಲಿಲ್ಲ, ಆದರೆ ನಮ್ಮವರಾಗಿದ್ದರು. ಇನ್ನೊಂದು ಮನೆಯ ಅಂಗಳಕ್ಕೆ ಮಯ್ಯಿತ್ ಬರುವವರೆಗೆ ನಾವು ಕಾಯಬೇಕಾಗಿಲ್ಲ.